‘ಟೊಮೆಟೊ ರೇಟ್ ಎಷ್ಟು?’ ಅಂದರೆ ಬಾಟ್‌ಗೆ ಹೇಗೆ ಗೊತ್ತಾಗುತ್ತದೆ?

ಕೋಲಾರದ ಎಪಿಎಂಸಿ ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಇಲ್ಲಿ ರೇಟ್ ಹೇಳುವುದು 15 ಕೆ.ಜಿ. ಬಾಕ್ಸಿನ ಲೆಕ್ಕದಲ್ಲಿ. 2023ರ ಜುಲೈನಲ್ಲಿ ಒಂದು ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ಬೆಲೆ ಬಿದ್ದಾಗ ಬಿಡಿಸಿದ ಕೂಲಿ ಕೂಡ ಹುಟ್ಟದೆ ಹಣ್ಣನ್ನು ರಸ್ತೆ ಬದಿಗೆ ಸುರಿದದ್ದೂ ಉಂಟು. ಹಾಗಾಗಿ ಬೆಳೆಗಾರರ ಮನೆಗಳಲ್ಲಿ ದಿನಾ ಕೇಳುವ ಪ್ರಶ್ನೆ ಒಂದೇ: ಇವತ್ತು ರೇಟ್ ಎಷ್ಟು?

ಈ ಪ್ರಶ್ನೆ ಈಗ ಫೋನಿನ ಗುಂಪುಗಳಿಗೂ ಬಂದಿದೆ. ಮನೆಯಲ್ಲಿ ಬಿಸಿಎ, ಡಿಪ್ಲೊಮಾ ಓದುವ ಮಕ್ಕಳಿದ್ದರೆ "ಇದಕ್ಕೊಂದು ಬಾಟ್ ಮಾಡಿಬಿಡಪ್ಪ, ಕೇಳಿದಾಗ ಅದೇ ಹೇಳಲಿ" ಅನ್ನುವ ಮಾತು ಸಹಜವಾಗಿಯೇ ಬರುತ್ತದೆ. ಹಲೋ ಅಂದರೆ ಹಲೋ ಅನ್ನುವ ಬಾಟ್ ಬೇಗ ತಯಾರಾಗುತ್ತದೆ. ಕಷ್ಟ ಶುರುವಾಗುವುದು ಜನ ತಮಗೆ ತೋಚಿದ ಹಾಗೆ ಟೈಪ್ ಮಾಡಲು ಹಿಡಿದಾಗ. ಉತ್ತರ ಕೊಡುವುದು ಬಾಟ್‌ನ ಸಣ್ಣ ಕೆಲಸ. ಬಂದ ಮಾತನ್ನು ಸರಿಯಾಗಿ ಓದಿಕೊಳ್ಳುವುದೇ ದೊಡ್ಡ ಕೆಲಸ. ಅದರಲ್ಲೂ ಕನ್ನಡದಲ್ಲಿ ಬಂದ ಮಾತಿಗೆ ಇನ್ನೂ ಜಾಸ್ತಿ ಗಮನ ಬೇಕು.

ಪಿಎಚ್‌ಪಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಇಂಥ ಒಂದು ರೇಟ್ ಬಾಟ್ ಇದೆ ಅಂತ ಇಟ್ಟುಕೊಂಡು, ಅದು ಒಂದು ಸಾಲನ್ನು ಹೇಗೆ ಓದುತ್ತದೆ ಅಂತ ಬುಡದಿಂದ ನೋಡೋಣ. ಫಂಕ್ಷನ್ (ಒಂದು ಕೆಲಸ ಮಾಡಲು ಬರೆದಿಟ್ಟ ಕೋಡಿನ ತುಂಡು) ಮತ್ತು ಕಮಾಂಡ್ ಹೆಸರುಗಳು ಕೋಡಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿರುತ್ತವೆ. ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ.

## ಬಾಟ್ ಯಾವುದು, ಕಮಾಂಡ್ ಯಾವುದು

ಚಾಟ್ ಆ್ಯಪ್‌ನಲ್ಲಿ ಮನುಷ್ಯರ ಬದಲು ಪ್ರೋಗ್ರಾಮ್ ನಡೆಸುವ ಖಾತೆಯೇ ಬಾಟ್. ನಾವು ಅದಕ್ಕೆ ಕಳಿಸುವ ಸಾಲಿನಲ್ಲಿ "ಈ ಕೆಲಸ ಮಾಡು" ಅನ್ನುವ ಗುರುತಿನ ಪದ ಇದ್ದರೆ ಅದು ಕಮಾಂಡ್. "ರೇಟ್ ಟೊಮೆಟೊ ಕೋಲಾರ" ಅಂದಾಗ "ರೇಟ್" ಕಮಾಂಡ್. "ಟೊಮೆಟೊ", "ಕೋಲಾರ" ಅದರ ಜೊತೆಗೆ ಬಂದ ವಿವರ. ಪ್ರೋಗ್ರಾಮರ್‌ಗಳು ಈ ವಿವರಕ್ಕೆ ಆರ್ಗ್ಯುಮೆಂಟ್ ಅನ್ನುತ್ತಾರೆ.

ಎಐ ಚಾಟ್‌ಬಾಟ್‌ಗಳು ಬಂದ ಮೇಲೆ ಇದೆಲ್ಲ ಯಾಕೆ ಅಂತ ಅನಿಸಬಹುದು. ಎರಡೂ ಬೇರೆ ಬೇರೆ ರೀತಿ ಕೆಲಸ ಮಾಡುತ್ತವೆ. ಎಐ ಬಾಟ್ ನಮ್ಮ ಮಾತಿಗೆ ಹೊಂದುವ ವಾಕ್ಯವನ್ನು ತಾನೇ ಕಟ್ಟುತ್ತದೆ. ಕಮಾಂಡ್ ಬಾಟ್ ಏನನ್ನೂ ಕಟ್ಟುವುದಿಲ್ಲ. ಪಟ್ಟಿಯಲ್ಲಿ ಇದ್ದರೆ ಇದ್ದದ್ದನ್ನು ಹೇಳುತ್ತದೆ, ಇಲ್ಲದಿದ್ದರೆ ಇಲ್ಲ ಅನ್ನುತ್ತದೆ. ಹಣ್ಣು ತುಂಬಿಸಿ ಗಾಡಿ ಕಳಿಸುವ ಮೊದಲು ನೋಡುವ ರೇಟಿಗೆ ಈ ಎರಡನೇ ರೀತಿಯೇ ಸರಿ ಅಂತ ನನ್ನ ಅಭಿಪ್ರಾಯ.

ಉದಾಹರಣೆಗೆ ಟೆಲಿಗ್ರಾಮ್ ತೆಗೆದುಕೊಳ್ಳುತ್ತೇನೆ. 2015ರ ಜೂನ್‌ನಿಂದ ಅದರಲ್ಲಿ ಯಾರು ಬೇಕಾದರೂ ಬಾಟ್ ಮಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ವಾಟ್ಸಾಪ್‌ನಲ್ಲೂ ಆಗುತ್ತದೆ. ಆದರೆ ಅಲ್ಲಿ ಬಿಸಿನೆಸ್ ಖಾತೆ ಮಾಡಿಕೊಂಡು ಶುರು ಮಾಡಬೇಕು. ಮಾತು ಓದುವ ಕೆಲಸವಂತೂ ಎರಡು ಕಡೆಯೂ ಒಂದೇ.

## ಪಿಎಚ್‌ಪಿಯಲ್ಲೇ ಯಾಕೆ

ಪಿಎಚ್‌ಪಿ ವೆಬ್‌ಸೈಟಿಗಾಗಿ ಹುಟ್ಟಿದ ಭಾಷೆ. ರಾಸ್ಮಸ್ ಲೆರ್ಡಾರ್ಫ್ ಅದನ್ನು ಜನರ ಕೈಗೆ ಕೊಟ್ಟದ್ದು 1995ರಲ್ಲಿ. ಕಡಿಮೆ ಬೆಲೆಯ ಹೋಸ್ಟಿಂಗ್, ಅಂದರೆ ವೆಬ್‌ಸೈಟ್ ಇಡಲು ಬಾಡಿಗೆಗೆ ಸಿಗುವ ಸರ್ವರ್ ಜಾಗ, ತೆಗೆದುಕೊಂಡರೂ ಪಿಎಚ್‌ಪಿ ಅದರಲ್ಲಿ ಸಾಮಾನ್ಯವಾಗಿ ಇರುತ್ತದೆ. ಫೈಲ್ ಅಪ್‌ಲೋಡ್ ಮಾಡಿದರೆ ಸಾಕು, ಓಡುತ್ತದೆ. ಕಾಲೇಜಿನ ಪಾಠದಲ್ಲೂ ಬರುತ್ತದೆ. ಹಳ್ಳಿಯ ಗುಂಪಿಗೆ ಅಂತ ಬಾಟ್ ಮಾಡುವವರಿಗೆ ಇಷ್ಟು ಕಾರಣ ಸಾಲದೇ?

ಒಂದು ಗುಣ ಮಾತ್ರ ಮೊದಲೇ ತಿಳಿದಿರಬೇಕು. ಹೀಗೆ ಹೋಸ್ಟಿಂಗ್‌ನಲ್ಲಿ ಓಡುವ ಪಿಎಚ್‌ಪಿ ಫೈಲ್ ಪ್ರತಿ ಮೆಸೇಜಿಗೂ ಹೊಸದಾಗಿ ಶುರುವಾಗಿ, ಕೆಲಸ ಮುಗಿದ ತಕ್ಷಣ ನಿಂತುಹೋಗುತ್ತದೆ. ಹಿಂದಿನ ಮೆಸೇಜು ಅದಕ್ಕೆ ನೆನಪಿರುವುದಿಲ್ಲ. ಇದರ ಪರಿಣಾಮ ಮುಂದೆ ನೋಡುತ್ತೇವೆ.

## ಮೆಸೇಜು ಹೋಗಿಬರುವ ದಾರಿ

ಟೆಲಿಗ್ರಾಮ್‌ನಲ್ಲಿ ಬಾಟ್‌ಫಾದರ್ ಅನ್ನುವ ಖಾತೆಗೆ ಮೆಸೇಜು ಮಾಡಿದರೆ ಹೊಸ ಬಾಟ್ ಸಿಗುತ್ತದೆ. ಜೊತೆಗೆ ಒಂದು ಉದ್ದನೆಯ ಟೋಕನ್ ಕೊಡುತ್ತದೆ. ಟೋಕನ್ ಯಾರ ಕೈಲಿದೆಯೋ ಬಾಟ್ ಅವರದು. ಅದನ್ನು ಗುಂಪಿಗೆ ಹಾಕಬಾರದು, ಕೋಡ್ ಹಂಚುವಾಗ ಅದರೊಳಗೂ ಬಿಡಬಾರದು.

ಇನ್ನು ಮೆಸೇಜು ನಮ್ಮ ಫೈಲಿಗೆ ತಲುಪಬೇಕು. ಇದಕ್ಕೆ ಎರಡು ದಾರಿ. ಹೊಸದೇನಾದರೂ ಬಂತಾ ಅಂತ ನಾವೇ ಟೆಲಿಗ್ರಾಮ್ ಸರ್ವರನ್ನು ಮತ್ತೆ ಮತ್ತೆ ಕೇಳುವುದು ಒಂದು. ನಮ್ಮ ಫೈಲಿನ ವಿಳಾಸ ಕೊಟ್ಟಿಟ್ಟು, ಮೆಸೇಜು ಬಂದಾಗ ಅವರೇ ಅಲ್ಲಿಗೆ ಕಳಿಸುವ ಹಾಗೆ ಮಾಡುವುದು ಇನ್ನೊಂದು. ಎರಡನೆಯದಕ್ಕೆ ವೆಬ್‌ಹುಕ್ ಅಂತ ಹೆಸರು. ಹೋಸ್ಟಿಂಗ್‌ನಲ್ಲಿರುವ ಪಿಎಚ್‌ಪಿಗೆ ಇದೇ ಅನುಕೂಲ. ವಿಳಾಸ ಎಚ್‌ಟಿಟಿಪಿಎಸ್ (ಮಾಹಿತಿಯನ್ನು ಗುಟ್ಟಾಗಿ ಸಾಗಿಸುವ ಸುರಕ್ಷಿತ ರೀತಿ) ಆಗಿರಬೇಕು ಅಷ್ಟೇ. ಎರಡು ದಾರಿಯನ್ನೂ ಒಟ್ಟಿಗೆ ಬಳಸಲು ಆಗುವುದಿಲ್ಲ.

ವೆಬ್‌ಹುಕ್‌ಗೆ ಬರುವುದು ಜೇಸನ್ ರೂಪದ ಪಠ್ಯ. ಅಂದರೆ ಪ್ರತಿಯೊಂದು ಮಾಹಿತಿಗೂ ಒಂದು ಹೆಸರು ಹಚ್ಚಿ ಬರೆದದ್ದು: ಮೆಸೇಜಿನ ಕ್ರಮಸಂಖ್ಯೆ, ಕಳಿಸಿದವರ ಐಡಿ, ಚಾಟ್‌ನ ಐಡಿ, ಟೈಪ್ ಮಾಡಿದ ಸಾಲು. ಹೊಸಬರು ಇದನ್ನು ಫಾರ್ಮ್‌ನಿಂದ ಬಂದ ಮಾಹಿತಿಯ ಹಾಗೆ ‘ಪೋಸ್ಟ್’ ಅರೇಯಲ್ಲಿ (ಮಾಹಿತಿ ಇಡುವ ಪಟ್ಟಿಯಲ್ಲಿ) ಹುಡುಕುತ್ತಾರೆ. ಅಲ್ಲಿ ಖಾಲಿ ಇರುತ್ತದೆ. ಜೇಸನ್ ಬರುವುದು ‘ಪಿಎಚ್‌ಪಿ ಇನ್‌ಪುಟ್’ ಅನ್ನುವ ಜಾಗಕ್ಕೆ. ಅಲ್ಲಿಂದ ಓದಿ ‘ಜೇಸನ್ ಡಿಕೋಡ್’ಗೆ ಎರಡನೇ ಆರ್ಗ್ಯುಮೆಂಟ್ ಆಗಿ ‘ಟ್ರೂ’ ಕೊಟ್ಟರೆ ಪಿಎಚ್‌ಪಿ ಅರೇ ಸಿಗುತ್ತದೆ.

ಉತ್ತರ ಹೋಗುವುದು ‘ಸೆಂಡ್ ಮೆಸೇಜ್’ ಮೂಲಕ. ಚಾಟ್ ಐಡಿ ಮತ್ತು ಉತ್ತರದ ಸಾಲು ಕೊಟ್ಟರೆ ಸಾಕು. ನಮ್ಮ ಫೈಲ್ ಎಡವಿ ಬಿದ್ದು ಎರರ್ ಕೊಟ್ಟರೆ ಟೆಲಿಗ್ರಾಮ್ ಅದೇ ಮೆಸೇಜನ್ನು ಮತ್ತೆ ಕಳಿಸುತ್ತದೆ. ಒಂದೇ ಪ್ರಶ್ನೆಗೆ ಬಾಟ್ ಎರಡು ಮೂರು ಸಲ ಉತ್ತರ ಕೊಡುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ. ಟೆಲಿಗ್ರಾಮ್ ಹೀಗೆ ಕಳಿಸುವ ಪ್ರತಿ ಮಾಹಿತಿಯ ಕಂತಿಗೂ (ಅದಕ್ಕೆ ಅಪ್‌ಡೇಟ್ ಅಂತ ಹೆಸರು) ಒಂದು ಕ್ರಮಸಂಖ್ಯೆ ಇರುತ್ತದೆ. ಅದನ್ನು ಬರೆದಿಟ್ಟುಕೊಂಡರೆ ಬಂದದ್ದೇ ಮತ್ತೆ ಬಂದಾಗ ಗುರುತು ಸಿಗುತ್ತದೆ.

## ಬಂದದ್ದೆಲ್ಲ ಸಾಲು ಅಲ್ಲ

ಬಾಟ್‌ಗೆ ಒಬ್ಬರು ಗಿಡದ ಫೋಟೊ ಕಳಿಸುತ್ತಾರೆ. ಇನ್ನೊಬ್ಬರು ಲೊಕೇಶನ್ ಕಳಿಸುತ್ತಾರೆ. ಮತ್ತೊಬ್ಬರು ಮಾತನ್ನು ರೆಕಾರ್ಡ್ ಮಾಡಿ ಕಳಿಸುತ್ತಾರೆ. ಈ ಯಾವುದರಲ್ಲೂ ‘ಟೆಕ್ಸ್ಟ್’ ಅನ್ನುವ ಭಾಗವೇ ಇರುವುದಿಲ್ಲ. ಫೋಟೊ ಕೆಳಗೆ ಬರೆದ ಮಾತು ‘ಕ್ಯಾಪ್ಷನ್’ ಅನ್ನುವ ಬೇರೆ ಹೆಸರಲ್ಲಿ ಬರುತ್ತದೆ. ತಿದ್ದಿದ ಮೆಸೇಜು ಕೂಡ ಬೇರೆ ಹೆಸರಲ್ಲೇ ಬರುತ್ತದೆ. ಹಾಗಾಗಿ ಟೆಕ್ಸ್ಟ್ ಇದೆಯಾ ಅಂತ ಮೊದಲು ನೋಡಬೇಕು, ಇಲ್ಲದಿದ್ದರೆ ಖಾಲಿ ಸಾಲು ಅಂತ ಇಟ್ಟುಕೊಳ್ಳಬೇಕು. ಪಿಎಚ್‌ಪಿ 7ರಿಂದ ಇದಕ್ಕೆ ಎರಡು ಪ್ರಶ್ನೆ ಚಿಹ್ನೆಯ ಗುರುತು, ಅಂದರೆ ??, ಇದೆ.

ಸಾಲು ಖಾಲಿಯಾ ಅಂತ ನೋಡಲು ಹಲವರು ‘ಎಂಪ್ಟಿ’ ಬಳಸುತ್ತಾರೆ. ಅದರಲ್ಲಿ ಒಂದು ಗುಂಡಿ ಇದೆ. ಬಳಕೆದಾರರು ಬರೀ 0 ಅಂತ ಕಳಿಸಿದರೆ ಎಂಪ್ಟಿ ಅದನ್ನೂ ಖಾಲಿ ಅನ್ನುತ್ತದೆ. "ಹಿಂದೆ ಹೋಗಲು 0 ಕಳಿಸಿ" ಅಂತ ನೀವೇ ಬರೆದಿದ್ದರೆ ಬಾಟ್ ಸುಮ್ನೆ ಕೂತುಬಿಡುತ್ತದೆ. ಖಾಲಿ ಸಾಲಿನ ಜೊತೆ ನೇರವಾಗಿ, ಮೂರು ಸಮ ಚಿಹ್ನೆ (===) ಹಾಕಿ ಹೋಲಿಸುವುದೇ ಒಳ್ಳೆಯದು.

## ಮೊದಲು ಸಾಲನ್ನು ಹಸನು ಮಾಡಬೇಕು

ಈ ಭಾಗಕ್ಕೆ ಜಾಸ್ತಿ ಜಾಗ ಕೊಡುತ್ತಿದ್ದೇನೆ. ಇಂಗ್ಲಿಷ್ ಪಾಠಗಳಲ್ಲಿ ಇದು ಎರಡು ಸಾಲಿನಲ್ಲಿ ಮುಗಿಯುತ್ತದೆ. ಕನ್ನಡದ ಬಾಟ್ ಜಾಸ್ತಿ ಕೆಡುವುದು ಇಲ್ಲೇ.

ಸುಲಭದ್ದು ಮೊದಲು. ಸಾಲಿನ ಹಿಂದೆ ಮುಂದೆ ಇರುವ ಖಾಲಿ ಜಾಗವನ್ನು ‘ಟ್ರಿಮ್’ ತೆಗೆಯುತ್ತದೆ. ಪದಗಳ ನಡುವೆ ಎರಡು ಮೂರು ಸ್ಪೇಸ್ ಇದ್ದರೆ ಒಂದಕ್ಕೆ ಇಳಿಸಬೇಕು. ಇಂಗ್ಲಿಷ್ ಅಕ್ಷರಗಳಿದ್ದರೆ ಎಲ್ಲವನ್ನೂ ಸಣ್ಣಕ್ಷರ ಮಾಡಬೇಕು. ವಾಕ್ಯ ಶುರುವಾದಾಗ ಫೋನ್ ತಾನಾಗಿ ದೊಡ್ಡಕ್ಷರ ಹಾಕುತ್ತದಲ್ವಾ, ಅದಕ್ಕೆ.

ಈಗ ಕನ್ನಡಕ್ಕೆ ಬರೋಣ. "ರೇಟ್" ಅನ್ನುವ ಪದವನ್ನೇ ಹತ್ತಿರದಿಂದ ನೋಡಿ. ನಮ್ಮ ಕಣ್ಣಿಗೆ ಎರಡು ಅಕ್ಷರ: ರೇ, ಟ್. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್ ಲೆಕ್ಕದಲ್ಲಿ ನಾಲ್ಕು: ರ, ಏತ್ವದ ಗುರುತು, ಟ, ಕೊನೆಯ ಅರ್ಧಾಕ್ಷರದ ಗುರುತು. ಯುಟಿಎಫ್-8 ಅನ್ನುವ ರೀತಿಯಲ್ಲಿ ಬರೆದಿಡುವಾಗ ಕನ್ನಡದ ಪ್ರತಿ ಗುರುತಿಗೂ 3 ಬೈಟ್ (ಕಂಪ್ಯೂಟರ್ ಮಾಹಿತಿ ಇಡುವ ಸಣ್ಣ ಅಳತೆ) ಬೇಕು. ಅಲ್ಲಿಗೆ 12 ಬೈಟ್. ಪಿಎಚ್‌ಪಿಯ ಹಳೆಯ ‘ಎಸ್‌ಟಿಆರ್ ಲೆನ್’ ಎಣಿಸುವುದು ಬೈಟ್‌ಗಳನ್ನು, ಹಾಗಾಗಿ 12 ಅನ್ನುತ್ತದೆ. ‘ಎಂಬಿ ಎಸ್‌ಟಿಆರ್ ಲೆನ್’ 4 ಅನ್ನುತ್ತದೆ. ‘ಗ್ರಾಫೀಮ್ ಎಸ್‌ಟಿಆರ್ ಲೆನ್’ ಮಾತ್ರ ನಮ್ಮ ಕಣ್ಣಿನ ಹಾಗೆ 2 ಅನ್ನುತ್ತದೆ.

ಇದು ಬರೀ ಎಣಿಕೆಯ ವಿಷಯ ಅಲ್ಲ. ಟೆಲಿಗ್ರಾಮ್ ಮೆಸೇಜು 4096 ಅಕ್ಷರ ದಾಟುವ ಹಾಗಿಲ್ಲ. ಉದ್ದದ ರೇಟ್ ಪಟ್ಟಿಯನ್ನು ಬೈಟ್ ಲೆಕ್ಕದ ‘ಸಬ್‌ಸ್ಟ್ರ್’ನಿಂದ ಕತ್ತರಿಸಿದರೆ ಕೊನೆಯ ಅಕ್ಷರದ 3 ಬೈಟ್‌ಗಳ ನಡುವೆ ಕತ್ತರಿ ಬೀಳಬಹುದು. ಆಗ ಅದು ಸರಿಯಾದ ಯುಟಿಎಫ್-8 ಆಗಿ ಉಳಿಯುವುದಿಲ್ಲ. ‘ಜೇಸನ್ ಎನ್‌ಕೋಡ್’ ಅಂಥ ಸಾಲನ್ನು ತೆಗೆದುಕೊಳ್ಳುವುದಿಲ್ಲ, ಉತ್ತರ ಹೋಗುವುದೇ ಇಲ್ಲ. ಕನ್ನಡವನ್ನು ಎಣಿಸುವ, ಕತ್ತರಿಸುವ ಕಡೆಯೆಲ್ಲ ‘ಎಂಬಿ’ಯಿಂದ ಶುರುವಾಗುವ ಫಂಕ್ಷನ್‌ಗಳನ್ನೇ ಬಳಸಿ.

ಕಣ್ಣಿಗೆ ಕಾಣದ ಒಂದು ಗುರುತು ಇದಕ್ಕಿಂತ ತ್ರಾಸದ್ದು. ಅರ್ಧಾಕ್ಷರ ಮುಂದಿನ ಅಕ್ಷರಕ್ಕೆ ಒತ್ತಾಗಿ ಸೇರದಿರಲಿ ಅಂತ ಕೀಬೋರ್ಡ್‌ಗಳು ಒಂದು ಗುರುತು ಹಾಕುತ್ತವೆ. ಅದಕ್ಕೆ ಜೀರೋ ವಿಡ್ತ್ ನಾನ್ ಜಾಯ್ನರ್ ಅಂತ ಹೆಸರು. ಅದಕ್ಕೆ ಅಗಲವೇ ಇಲ್ಲ, ಪರದೆಯ ಮೇಲೆ ಕಾಣುವುದಿಲ್ಲ. ಆದರೆ ಅದೂ 3 ಬೈಟ್. ಒಬ್ಬರ ಫೋನಿನಿಂದ ಬಂದ "ರೇಟ್" 12 ಬೈಟ್, ಇನ್ನೊಬ್ಬರ ಫೋನಿನಿಂದ ಬಂದದ್ದು 15. ಎರಡನ್ನೂ ಪಕ್ಕ ಪಕ್ಕ ಇಟ್ಟರೂ ವ್ಯತ್ಯಾಸ ಕಾಣುವುದಿಲ್ಲ. ಪಿಎಚ್‌ಪಿ ಮಾತ್ರ ಎರಡೂ ಒಂದೇ ಅಲ್ಲ ಅನ್ನುತ್ತದೆ. ಟ್ರಿಮ್ ಇದನ್ನು ತೆಗೆಯುವುದಿಲ್ಲ. "ಅಣ್ಣನ ಫೋನಿನಲ್ಲಿ ಬರುತ್ತೆ, ನನ್ನ ಫೋನಿನಲ್ಲಿ ಬರಲ್ಲ" ಅನ್ನುವ ದೂರು ಬಂದರೆ ಮೊದಲು ಇಲ್ಲಿ ನೋಡಿ. ಹೋಲಿಸುವ ಮೊದಲು ಬಂದ ಸಾಲಿನಿಂದಲೂ ನಮ್ಮ ಪಟ್ಟಿಯ ಪದಗಳಿಂದಲೂ ಈ ಗುರುತನ್ನು ತೆಗೆದುಹಾಕಬೇಕು. ಉತ್ತರದಲ್ಲಿ ತೋರಿಸುವ ಪದಗಳಲ್ಲಿ ಅದು ಇರಲಿ. ಇಲ್ಲದಿದ್ದರೆ ಒತ್ತಕ್ಷರಗಳು ಎಲ್ಲೆಲ್ಲೋ ಅಂಟಿಕೊಳ್ಳುತ್ತವೆ.

ಒಂದೇ ಅಕ್ಷರವನ್ನು ಎರಡು ರೀತಿ ಬರೆದಿಡುವ ತೊಂದರೆಯೂ ಇದೆ. "ಕೋಲಾರ"ದ ‘ಕೋ’ದಲ್ಲಿ ಓತ್ವದ ಗುರುತನ್ನು ಒಂದೇ ಗುರುತಾಗಿ ಇಡಬಹುದು, ತುಂಡು ತುಂಡಾಗಿಯೂ ಇಡಬಹುದು. ನೋಡಲಿಕ್ಕೆ ಎರಡೂ ಒಂದೇ. ಇವನ್ನು ಒಂದೇ ರೂಪಕ್ಕೆ ತರುವ ‘ನಾರ್ಮಲೈಜರ್’ ಅನ್ನುವುದು ಪಿಎಚ್‌ಪಿಯ ಇಂಟ್ಲ್ ಅನ್ನುವ ಹೆಚ್ಚುವರಿ ಭಾಗದಲ್ಲಿ (ಎಕ್ಸ್‌ಟೆನ್ಷನ್) ಸಿಗುತ್ತದೆ. ಹೋಸ್ಟಿಂಗ್‌ನಲ್ಲಿ ಅದು ಚಾಲೂ ಇದೆಯಾ ಅಂತ ನೋಡಿಕೊಳ್ಳಿ.

ಕೊನೆಗೆ ಅಂಕಿಗಳು. ಯಾರಾದರೂ ‘೧೫ ಬಾಕ್ಸ್’ ಅಂತ ಕನ್ನಡ ಅಂಕಿಯಲ್ಲಿ ಬರೆದರೆ ವಿಚಿತ್ರ ಆಗುತ್ತದೆ. ಪಿಎಚ್‌ಪಿಯ ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ಸಾಲಿನಲ್ಲಿ ಒಂದು ಮಾದರಿಯನ್ನು ಹುಡುಕುವ ಸೌಲಭ್ಯ, ಯು ಅನ್ನುವ ಗುರುತು ಹಾಕಿದಾಗ ಕನ್ನಡ ಅಂಕಿಯನ್ನೂ ಅಂಕಿ ಅಂತ ಒಪ್ಪುತ್ತದೆ. ಆದರೆ ಅದನ್ನು ಸಂಖ್ಯೆ ಮಾಡಲು ಹೋದರೆ ಪಿಎಚ್‌ಪಿ 0 ಕೊಡುತ್ತದೆ. ಎರರ್ ಬರುವುದಿಲ್ಲ, ಲೆಕ್ಕ ಮಾತ್ರ ತಪ್ಪುತ್ತದೆ. ಹಾಗಾಗಿ ಹಸನು ಮಾಡುವ ಹಂತದಲ್ಲೇ ೦ಯಿಂದ ೯ರವರೆಗಿನ ಅಂಕಿಗಳನ್ನು 0ಯಿಂದ 9ಕ್ಕೆ ಬದಲಾಯಿಸಿಬಿಡಿ. ‘ಎಸ್‌ಟಿಆರ್ ಟಿಆರ್’ ಫಂಕ್ಷನ್‌ಗೆ ಒಂದು ಪಟ್ಟಿ ಕೊಟ್ಟರೆ ಒಂದೇ ಸಾಲಿನ ಕೆಲಸ.

## ಕಮಾಂಡ್ ಬೇರೆ, ವಿವರ ಬೇರೆ

ಹಸನಾದ ಸಾಲನ್ನು ಈಗ ಒಡೆಯಬೇಕು. ‘ಎಕ್ಸ್‌ಪ್ಲೋಡ್’ ಫಂಕ್ಷನ್ ಸ್ಪೇಸ್ ಸಿಕ್ಕ ಕಡೆ ಕತ್ತರಿಸುತ್ತದೆ. ಎರಡೇ ತುಂಡು ಸಾಕು ಅಂತ ಹೇಳಿದರೆ ಮೊದಲ ಪದ ಒಂದು ಕಡೆ, ಉಳಿದದ್ದೆಲ್ಲ ಇನ್ನೊಂದು ಕಡೆ. "ರೇಟ್ ಟೊಮೆಟೊ ಕೋಲಾರ" ಆಗ "ರೇಟ್" ಮತ್ತು "ಟೊಮೆಟೊ ಕೋಲಾರ" ಆಗುತ್ತದೆ.

ಟೆಲಿಗ್ರಾಮ್‌ನಲ್ಲಿ ಕಮಾಂಡ್ ಮುಂದೆ ಸ್ಲ್ಯಾಶ್ ಹಾಕುವ ರೂಢಿ ಇದೆ: /ರೇಟ್, /ಸಹಾಯ ಹೀಗೆ. ನಿಜವಾದ ಬಾಟ್‌ನಲ್ಲಿ ಈ ಹೆಸರುಗಳನ್ನು ಇಂಗ್ಲಿಷ್ ಸಣ್ಣಕ್ಷರ, ಅಂಕಿ, ಅಂಡರ್‌ಸ್ಕೋರ್‌ಗಳಲ್ಲೇ ಇಡಬೇಕು, 32 ಅಕ್ಷರದೊಳಗೆ. ಮೆನುವಿನಲ್ಲಿ ಅದರ ಪಕ್ಕ ಕಾಣುವ ವಿವರಣೆಯನ್ನು ಕನ್ನಡದಲ್ಲಿ ಬರೆಯಬಹುದು. ಗುಂಪಿನಲ್ಲಿ ಮೆನುವಿನಿಂದ ಒತ್ತಿದಾಗ ಕಮಾಂಡಿನ ಹಿಂದೆ @ ಮತ್ತು ಬಾಟ್‌ನ ಹೆಸರು ಸೇರಿ ಬರುತ್ತದೆ. ಒಂದೇ ಗುಂಪಿನಲ್ಲಿ ಎರಡು ಬಾಟ್ ಇದ್ದರೆ ಯಾರಿಗೆ ಹೇಳಿದ್ದು ಅಂತ ತಿಳಿಯಲಿ ಅಂತ. ಅದು ನಮ್ಮದೇ ಹೆಸರಾ ಅಂತ ನೋಡಿ, ಆಮೇಲೆ ಕಿತ್ತುಹಾಕಬೇಕು.

ಗುಂಪಿನ ವಿಷಯ ಬಂದಾಗ ಇನ್ನೊಂದು ಮಾತು. ಬಾಟ್ ಗುಂಪಿಗೆ ಸೇರಿದ ಮಾತ್ರಕ್ಕೆ ಎಲ್ಲರ ಮಾತೂ ಅದಕ್ಕೆ ಕೇಳಿಸುವುದಿಲ್ಲ. ಪ್ರೈವೆಸಿ ಮೋಡ್ ಮೊದಲಿಂದಲೇ ಚಾಲೂ ಇರುತ್ತದೆ. ಅದಿರುವಾಗ ಸ್ಲ್ಯಾಶ್ ಇಲ್ಲದೆ "ಟೊಮೆಟೊ ರೇಟ್" ಅಂತ ಗುಂಪಿನಲ್ಲಿ ಬರೆದರೆ ಬಾಟ್‌ಗೆ ಅದು ತಲುಪುವುದೇ ಇಲ್ಲ. ಕೋಡಿನಲ್ಲಿ ತಪ್ಪು ಹುಡುಕುತ್ತಾ ಕೂರುವ ಮೊದಲು ಬಾಟ್‌ಫಾದರ್‌ನಲ್ಲಿ ಈ ಸೆಟ್ಟಿಂಗ್ ನೋಡಿ.

ಇಲ್ಲೇ ಪಿಎಚ್‌ಪಿಯ ಒಂದು ಹಳೆಯ ಗುಂಡಿ ಇದೆ. ಸಾಲಿನಲ್ಲಿ "ರೇಟ್" ಇದೆಯಾ ಅಂತ ನೋಡಲು ‘ಎಸ್‌ಟಿಆರ್ ಪಾಸ್’ ಬಳಸುತ್ತಾರೆ. ಅದು ಪದ ಎಷ್ಟನೇ ಜಾಗದಲ್ಲಿ ಸಿಕ್ಕಿತು ಅಂತ ಹೇಳುತ್ತದೆ, ಎಣಿಕೆ 0ಯಿಂದ ಶುರು. ಸಿಗದಿದ್ದರೆ ‘ಫಾಲ್ಸ್’ ಅನ್ನುತ್ತದೆ. ಕಮಾಂಡ್ ಇರುವುದೇ ಸಾಲಿನ ಮೊದಲಲ್ಲಿ, ಅಂದರೆ 0ನೇ ಜಾಗದಲ್ಲಿ. ‘ಇಫ್’ ಒಳಗೆ 0 ಬಂದರೆ ಪಿಎಚ್‌ಪಿ ಅದನ್ನು ಇಲ್ಲ ಅಂತಲೇ ಓದುತ್ತದೆ. ಸರಿಯಾಗಿ ಟೈಪ್ ಮಾಡಿದವರಿಗೆ ಉತ್ತರ ಸಿಗುವುದಿಲ್ಲ, ಮಧ್ಯದಲ್ಲೆಲ್ಲೋ ಆ ಪದ ಬಳಸಿದವರಿಗೆ ಸಿಗುತ್ತದೆ. ಪಿಎಚ್‌ಪಿ 8ರಲ್ಲಿ ‘ಎಸ್‌ಟಿಆರ್ ಸ್ಟಾರ್ಟ್ಸ್ ವಿತ್’ ಮತ್ತು ‘ಎಸ್‌ಟಿಆರ್ ಕಂಟೇನ್ಸ್’ ಬಂದಿವೆ. ಅವು ಹೌದು, ಇಲ್ಲ ಅಷ್ಟೇ ಹೇಳುತ್ತವೆ. ಈಗ ಶುರು ಮಾಡುವವರು ಅವನ್ನೇ ಹಿಡಿಯಿರಿ.

## ಯಾವ ಕೆಲಸ ಯಾವ ಫಂಕ್ಷನ್‌ಗೆ

ಎಪಿಎಂಸಿ ಗೇಟಿನಲ್ಲಿ ಟೆಂಪೊ ಬಂದು ನಿಂತಾಗ ಅಲ್ಲಿರುವವರು ಹಣ್ಣಿನ ಗುಣಮಟ್ಟ ನೋಡುತ್ತಾ ಕೂರುವುದಿಲ್ಲ. ಯಾವ ಮಂಡಿಗೆ ಅಂತ ಕೇಳಿ ಆ ಕಡೆ ಕಳಿಸುತ್ತಾರೆ. ಹರಾಜು ಮಂಡಿಯವರ ಕೆಲಸ. ಬಾಟ್‌ನಲ್ಲೂ ಒಂದು ಭಾಗ ಬರೀ ಗೇಟಿನ ಕೆಲಸ ಮಾಡಬೇಕು. ಕಮಾಂಡಿನ ಹೆಸರು ನೋಡಿ ಅದಕ್ಕೆ ಹೊಂದುವ ಫಂಕ್ಷನ್‌ಗೆ ಒಪ್ಪಿಸಬೇಕು. ರೇಟ್ ಹುಡುಕುವುದು, ವಾಕ್ಯ ಕಟ್ಟುವುದು ಅದರ ಕೆಲಸ ಅಲ್ಲ.

ಇದನ್ನು ಬರೆಯಲು ಹಲವು ರೀತಿ ಇದೆ. ಎರಡು ಮೂರು ಕಮಾಂಡ್ ಇದ್ದರೆ ಇಫ್, ಎಲ್ಸ್ ಸಾಕು. ಸ್ವಲ್ಪ ಜಾಸ್ತಿ ಆದರೆ ‘ಸ್ವಿಚ್’ ಬಳಸುತ್ತಾರೆ. ಸ್ವಿಚ್ ಹೋಲಿಸುವುದು ಸಡಿಲವಾಗಿ. ಅದರ ಕಣ್ಣಿಗೆ "1" ಮತ್ತು "01" ಎರಡೂ ಒಂದೇ. ಪಿಎಚ್‌ಪಿ 8ರ ‘ಮ್ಯಾಚ್’ ಬಿಗಿಯಾಗಿ ಹೋಲಿಸುತ್ತದೆ. ಆದರೆ ಯಾವುದಕ್ಕೂ ಹೊಂದದೆ ಇದ್ದಾಗ ಏನು ಮಾಡಬೇಕು ಅಂತ ‘ಡಿಫಾಲ್ಟ್’ ಬರೆಯದಿದ್ದರೆ ಎರರ್ ಕೊಟ್ಟು ನಿಂತುಬಿಡುತ್ತದೆ.

ನನಗೆ ಇಷ್ಟವಾದದ್ದು ಪಟ್ಟಿಯ ರೀತಿ. ಒಂದು ಅರೇಯಲ್ಲಿ ಎಡಕ್ಕೆ ಜನ ಬರೆಯುವ ಪದ, ಬಲಕ್ಕೆ ಓಡಬೇಕಾದ ಫಂಕ್ಷನ್. ಬಂದ ಪದ ಪಟ್ಟಿಯಲ್ಲಿದ್ದರೆ ಆ ಫಂಕ್ಷನ್ ಓಡುತ್ತದೆ. ಹೊಸ ಪದ ಸೇರಿಸಲು ಒಂದು ಸಾಲು ಸಾಕು, ಉಳಿದ ಕೋಡ್ ಮುಟ್ಟಬೇಕಾಗಿಲ್ಲ. ನಮ್ಮ ಕಡೆಗೆ ಇದು ಯಾಕೆ ಬೇಕು ಅಂದರೆ, ಒಂದೇ ವಸ್ತುವಿಗೆ ನಾವು ಬರೆಯುವ ರೂಪಗಳು ಅಷ್ಟಿವೆ. ಟೊಮೆಟೊ, ಟೊಮ್ಯಾಟೊ, ಟೊಮೇಟೊ, ಟಮೋಟ. ಮನೆಯಲ್ಲಿ ತೆಲುಗು ಆಡುವವರು ಟಮಾಟ ಅನ್ನುತ್ತಾರೆ. ಇವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರು ಬೇರೆ. ಯಾರದೂ ತಪ್ಪಲ್ಲ. ಎಲ್ಲವೂ ಪಟ್ಟಿಯಲ್ಲಿ ಇರಬೇಕು ಅಷ್ಟೇ.

## "ಮಾಲೂರಿನಲ್ಲಿ ಎಷ್ಟು?" ಅಂದರೆ

ಇಷ್ಟಾದರೂ ಜನ "ರೇಟ್ ಟೊಮೆಟೊ ಮಾಲೂರು" ಅಂತ ಅಚ್ಚುಕಟ್ಟಾಗಿ ಬರೆಯುತ್ತಾರೆ ಅಂತ ನಂಬುವ ಹಾಗಿಲ್ಲ. "ಮಾಲೂರಿನಲ್ಲಿ ಟೊಮೆಟೊ ಎಷ್ಟಿದೆ?" ಅಂತ ಬರುತ್ತದೆ. ಕನ್ನಡದಲ್ಲಿ ಪ್ರತ್ಯಯ ಪದಕ್ಕೆ ಅಂಟಿಕೊಂಡೇ ಇರುತ್ತದೆ. ಪೂರ್ತಿ ಪದವನ್ನು ಹೋಲಿಸಿದರೆ ಹೊಂದುವುದಿಲ್ಲ.

ಪದದ ಶುರು ಮಾತ್ರ ನೋಡುವುದು ಒಂದು ಉಪಾಯ. "ಕೋಲಾರದಲ್ಲಿ", "ಕೋಲಾರಕ್ಕೆ" ಎರಡೂ "ಕೋಲಾರ"ದಿಂದಲೇ ಶುರು. ಬಂಗಾರಪೇಟೆ, ಚಿಂತಾಮಣಿಗೂ ಇದು ಸರಿಹೋಗುತ್ತದೆ. ಆದರೆ "ಮಾಲೂರು" ಪ್ರತ್ಯಯ ಸೇರಿದಾಗ "ಮಾಲೂರಿನಲ್ಲಿ" ಆಗುತ್ತದೆ, ಕೊನೆಯ ಉಕಾರ ಬಿದ್ದುಹೋಗುತ್ತದೆ. "ಮುಳಬಾಗಿಲು" ಕೂಡ ಹಾಗೆಯೇ. ಅವನ್ನು ಪಟ್ಟಿಯಲ್ಲಿ "ಮಾಲೂರ", "ಮುಳಬಾಗಿಲ" ಅಂತ ಇಟ್ಟರೆ ಎಲ್ಲ ರೂಪಗಳೂ ಹೊಂದುತ್ತವೆ. ಕಣ್ಣಿಗೆ ‘ರು’, ‘ರಿ’ ಬೇರೆ ಬೇರೆ ಅಕ್ಷರ. ಕಂಪ್ಯೂಟರಿಗೆ ಎರಡೂ ಮೊದಲು ‘ರ’, ಆಮೇಲೆ ಒಂದು ಗುರುತು. ಹಾಗಾಗಿ ಇದು ಸಾಧ್ಯ.

ಈ ಉಪಾಯವನ್ನು ಎಲ್ಲ ಕಡೆ ಹಾಕಲು ಹೋದರೆ ಎಡವಟ್ಟಾಗುತ್ತದೆ. ಶ್ರೀನಿವಾಸಪುರ ಮಾವಿಗೆ ಹೆಸರಾದ ಊರು, ಅಲ್ಲಿಯವರಿಗೆ ಮಾವಿನ ರೇಟ್ ಬೇಕು. "ಮಾವು", "ಮಾವಿನ ಹಣ್ಣು" ಎರಡಕ್ಕೂ ಹೊಂದಲಿ ಅಂತ "ಮಾವ" ಅಂತ ಇಟ್ಟರೆ, "ಮಾವ ಬಂದರು" ಅಂತ ಯಾರಾದರೂ ಗುಂಪಿನಲ್ಲಿ ಬರೆದಾಗಲೂ ಬಾಟ್ ಮಾವಿನ ರೇಟ್ ಹೇಳಿಬಿಡುತ್ತದೆ. ಚಿಕ್ಕ ಪದಗಳಿಗೆ ಬೇಕಾದ ರೂಪಗಳನ್ನೇ ಒಂದೊಂದಾಗಿ ಪಟ್ಟಿ ಮಾಡುವುದು ಕ್ಷೇಮ: ಮಾವು, ಮಾವಿನ, ಮಾವಿಗೆ.

ರೆಗ್ಯುಲರ್ ಎಕ್ಸ್‌ಪ್ರೆಶನ್ ಬಳಸುವವರು ಎರಡು ವಿಷಯ ಗಮನಿಸಿ. ಕೊನೆಯಲ್ಲಿ ಯು ಗುರುತು ಇಲ್ಲದಿದ್ದರೆ ಅದು ಕನ್ನಡವನ್ನು ಬೈಟ್ ಬೈಟ್ ಆಗಿ ಓದುತ್ತದೆ. ಎರಡನೆಯದು, "ಒಂದು ಪದ" ಅಂತ ಹೇಳಲು ಪಾಠಗಳಲ್ಲಿ ಕೊಡುವ ಡಬ್ಲ್ಯು ಗುರುತು ಹಲವು ಸರ್ವರ್‌ಗಳಲ್ಲಿ ದೀರ್ಘ, ಏತ್ವ, ಓತ್ವದ ಗುರುತುಗಳನ್ನು ಪದದ ಭಾಗ ಅಂತ ಒಪ್ಪುವುದಿಲ್ಲ. "ಕೋಲಾರ" ನಡುವೆಯೇ ತುಂಡಾಗುತ್ತದೆ. ಅಕ್ಷರಗಳ ಗುಂಪು ಮತ್ತು ಗುರುತುಗಳ ಗುಂಪು ಎರಡನ್ನೂ ಸೇರಿಸಿ ಹೇಳಬೇಕು.

ಟೈಪ್ ಮಾಡಿಸುವುದನ್ನೇ ಕಡಿಮೆ ಮಾಡುವ ದಾರಿಯೂ ಇದೆ. ಟೆಲಿಗ್ರಾಮ್‌ನಲ್ಲಿ ಕೀಬೋರ್ಡ್ ಜಾಗದಲ್ಲಿ ನಮ್ಮದೇ ಬಟನ್‌ಗಳನ್ನು ತೋರಿಸಬಹುದು. "ಕೋಲಾರ ಟೊಮೆಟೊ" ಅನ್ನುವ ಬಟನ್ ಒತ್ತಿದರೆ ಅದೇ ಸಾಲು ಮೆಸೇಜಾಗಿ ಬರುತ್ತದೆ. ಅಕ್ಷರ ಅಕ್ಷರ ಹುಡುಕಿ ಒತ್ತುವ ಹಿರಿಯರಿಗೆ ಇದರಷ್ಟು ಉಪಕಾರ ಬೇರೆ ಇಲ್ಲ.

## ನೆನಪು ಎಲ್ಲಿ ಇಡುವುದು

"ದಿನಾ ರೇಟ್ ಕಳಿಸು" ಅಂತ ಒಬ್ಬರು ಕೇಳುತ್ತಾರೆ. ಬಾಟ್ "ಯಾವ ಮಾರುಕಟ್ಟೆ?" ಅನ್ನುತ್ತದೆ. ಅವರು "ಕೋಲಾರ" ಅನ್ನುತ್ತಾರೆ. ಈ ಕೊನೆಯ ಪದ ಬರುವಷ್ಟರಲ್ಲಿ ಪಿಎಚ್‌ಪಿ ತಾನು ಕೇಳಿದ ಪ್ರಶ್ನೆಯನ್ನೇ ಮರೆತಿರುತ್ತದೆ. ಆಗಲೇ ಹೇಳಿದ ಗುಣ ಇದು. ಹಾಗಾಗಿ ಯಾರಿಗೆ ಯಾವ ಪ್ರಶ್ನೆ ಕೇಳಿ ಕಾಯುತ್ತಿದ್ದೇವೆ ಅಂತ ಮೈಎಸ್‌ಕ್ಯುಎಲ್ ಅಥವಾ ಎಸ್‌ಕ್ಯುಲೈಟ್‌ನಂಥ ಡೇಟಾಬೇಸಿನಲ್ಲಿ (ಮಾಹಿತಿ ಕೂಡಿಡುವ ವ್ಯವಸ್ಥೆ) ಬರೆದಿಡಬೇಕು. ಗುಂಪಿನಲ್ಲಿ ಎಲ್ಲರದೂ ಒಂದೇ ಚಾಟ್ ಐಡಿ. ಆದ್ದರಿಂದ ಚಾಟ್ ಐಡಿ ಜೊತೆಗೆ ಕಳಿಸಿದವರ ಐಡಿಯೂ ಬೇಕು. ಇಲ್ಲದಿದ್ದರೆ ಒಬ್ಬರಿಗೆ ಕೇಳಿದ ಪ್ರಶ್ನೆಗೆ ಇನ್ನೊಬ್ಬರ ಮಾತು ಉತ್ತರ ಆಗಿಬಿಡುತ್ತದೆ.

"ಬೇಡ", "ನಿಲ್ಲಿಸು" ಅನ್ನುವ ಪದಗಳನ್ನು ಈ ನೆನಪಿಗಿಂತ ಮೊದಲು ನೋಡಬೇಕು. ಕ್ರಮ ತಪ್ಪಿದರೆ ಬಾಟ್ "ಬೇಡ" ಅನ್ನುವ ಹೆಸರಿನ ಮಾರುಕಟ್ಟೆ ಹುಡುಕುತ್ತದೆ, ಹೇಳಿದವರಿಗೆ ಹೊರಗೆ ಬರುವ ದಾರಿಯೇ ಇರುವುದಿಲ್ಲ.

## ಯಾರು ಬೇಕಾದರೂ ಬರೆಯಬಹುದು ಅನ್ನುವುದು ನೆನಪಿರಲಿ

ಬಂದ ಸಾಲನ್ನು ಹಾಗೇ ಡೇಟಾಬೇಸ್ ಪ್ರಶ್ನೆಗೆ ಅಂಟಿಸಬಾರದು. ಕೆಟ್ಟ ಉದ್ದೇಶದವರು ಆ ಸಾಲಿನಲ್ಲೇ ಡೇಟಾಬೇಸ್ ಅಳಿಸುವ ಆಜ್ಞೆ ಬರೆದು ಕಳಿಸಬಹುದು. ಡೇಟಾಬೇಸ್ ಜೊತೆ ಮಾತಾಡಲು ಪಿಎಚ್‌ಪಿಯಲ್ಲಿರುವ ಪಿಡಿಒದ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿದರೆ ಬಂದ ಮಾತು ಬರೀ ಮಾತಾಗಿಯೇ ಉಳಿಯುತ್ತದೆ. ವೆಬ್‌ಹುಕ್ ಹಾಕುವಾಗ ಒಂದು ಗುಟ್ಟಿನ ಪದ ಕೊಟ್ಟರೆ ಟೆಲಿಗ್ರಾಮ್ ಪ್ರತಿ ಸಲ ಅದನ್ನು ಹೆಡರ್‌ನಲ್ಲಿ (ಮೆಸೇಜಿನ ಜೊತೆ ಬರುವ ಮೇಲ್ವಿವರದಲ್ಲಿ) ಸೇರಿಸಿ ಕಳಿಸುತ್ತದೆ. ಆ ಪದ ಇಲ್ಲದೆ ಬಂದದ್ದು ಟೆಲಿಗ್ರಾಮ್‌ನಿಂದ ಬಂದದ್ದಲ್ಲ ಅಂತ ಬಿಟ್ಟುಬಿಡಬಹುದು.

ರೇಟ್ ತುಂಬಿಸುವ ಕಮಾಂಡ್ ಎಲ್ಲರ ಕೈಗೂ ಸಿಗಬಾರದು. ಕಳಿಸಿದವರು ಯಾರು ಅಂತ ನೋಡುವಾಗ ಐಡಿ ಸಂಖ್ಯೆ ನೋಡಿ, ಯೂಸರ್‌ನೇಮ್ ನೋಡಬೇಡಿ. ಯೂಸರ್‌ನೇಮ್ ಯಾವಾಗ ಬೇಕಾದರೂ ಬದಲಾಗಬಹುದು. ಉತ್ತರದಲ್ಲಿ ರೇಟಿನ ಜೊತೆ ತಾರೀಖು, ಮಾರುಕಟ್ಟೆ, 15 ಕೆ.ಜಿ. ಬಾಕ್ಸಿಗೋ ಒಂದು ಕೆ.ಜಿ.ಗೋ ಅನ್ನುವುದು ಇರಲೇಬೇಕು. ತಾರೀಖಿಲ್ಲದ ರೇಟ್ ನೋಡಿ, ನಿನ್ನೆಯದನ್ನು ಇವತ್ತಿನದು ಅಂದುಕೊಂಡು ಗಾಡಿ ಕಳಿಸಿದರೆ ನಷ್ಟ ಬೆಳೆದವರದು. ಇವತ್ತಿನದು ಇನ್ನೂ ಬಂದಿಲ್ಲದಿದ್ದರೆ "ಇವತ್ತಿನ ರೇಟ್ ಬಂದಿಲ್ಲ" ಅಂತಲೇ ಹೇಳಬೇಕು.

## ಅರ್ಥವಾಗದಿದ್ದಾಗ

ಯಾವುದಕ್ಕೂ ಹೊಂದದ ಸಾಲು ಬಂದೇ ಬರುತ್ತದೆ. "ತಪ್ಪು ಕಮಾಂಡ್" ಅಂತ ಉತ್ತರ ಕೊಡಬೇಡಿ. "ಅರ್ಥವಾಗಲಿಲ್ಲ, ಹೀಗೆ ಬರೆದು ನೋಡಿ: ರೇಟ್ ಟೊಮೆಟೊ ಕೋಲಾರ" ಅಂತ ಹೇಳಿ, ಕೆಳಗೆ ಬಟನ್ ತೋರಿಸಿ. ಗುಂಪಿನಲ್ಲಾದರೆ ಸುಮ್ಮನಿರುವುದೇ ಸರಿ, ಯಾಕೆಂದರೆ ಅಲ್ಲಿನ ಮಾತು ಬಾಟ್‌ಗೆ ಹೇಳಿದ್ದೇ ಆಗಿರಬೇಕು ಅಂತಿಲ್ಲ.

ಹತ್ತಿರದ ಪದ ಊಹಿಸಲು ಪಿಎಚ್‌ಪಿಯಲ್ಲಿ ‘ಲೆವೆನ್‌ಸ್ಟೈನ್’ ಅನ್ನುವ ಫಂಕ್ಷನ್ ಇದೆ. ಒಂದು ಪದವನ್ನು ಇನ್ನೊಂದು ಮಾಡಲು ಎಷ್ಟು ಬದಲಾವಣೆ ಬೇಕು ಅಂತ ಅದು ಎಣಿಸುತ್ತದೆ. ಆದರೆ ಎಣಿಸುವುದು ಬೈಟ್‌ಗಳಲ್ಲಿ. ಕನ್ನಡದಲ್ಲಿ ಒಂದು ದೀರ್ಘ ಬಿಟ್ಟುಹೋದರೆ 3 ಬದಲಾವಣೆ ಅನ್ನುತ್ತದೆ, ಒಂದು ಅಕ್ಷರದ ಬದಲು ಬೇರೆ ಅಕ್ಷರವೇ ಬಂದರೆ ಕೆಲವು ಸಲ 1 ಅಂತಲೇ ಹೇಳಿಬಿಡುತ್ತದೆ. ಸಣ್ಣ ತಪ್ಪು ದೊಡ್ಡದಾಗಿ, ದೊಡ್ಡ ತಪ್ಪು ಸಣ್ಣದಾಗಿ ಕಾಣುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತ ಒಂದು ಪಟ್ಟಿಯೇ ಮೇಲು. ಅರ್ಥವಾಗದ ಸಾಲುಗಳನ್ನು ಒಂದು ಕಡೆ ಬರೆದಿಡಿ, ಸಾಲು ಮತ್ತು ತಾರೀಖು ಮಾತ್ರ. ಯಾರು ಕಳಿಸಿದರು ಅನ್ನುವುದು ಈ ಕೆಲಸಕ್ಕೆ ಬೇಕಾಗಿಲ್ಲ. ಆಗಾಗ ಕೂತು ಓದಿದರೆ "ಟಮಾಟೆ", "ರೇಟು", "ಬೆಲೆ ಏನು", "ಇವತ್ತು ಎಂಗಿದೆ" ಇವೆಲ್ಲ ಅಲ್ಲಿ ಸಿಗುತ್ತವೆ. ಒಂದೊಂದನ್ನೂ ಕಮಾಂಡ್ ಪಟ್ಟಿಗೆ ಸೇರಿಸುತ್ತಾ ಹೋದರೆ ಸಾಕು, ಬಾಟ್ ಊರಿನವರ ಮಾತನ್ನು ಅವರು ಬರೆಯುವ ಹಾಗೆಯೇ ಓದಲು ಕಲಿಯುತ್ತದೆ.